ಹಿತ್ತಲಿಗೆ ಕೈ ಹಾಕುವ ಮೊದಲು

ಉಡುಪಿ
ಮಾರ್ಚ್ 18

ಪ್ರೀತಿಯ ಮಾಣಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಅರ್ಧ ಕೇಳಿಸಿತು, ಇನ್ನರ್ಧವನ್ನು ಬಸ್ಸಿನ ಹಾರನ್ ನುಂಗಿತು. ಕೇಳಿಸಿದಷ್ಟರಲ್ಲಿ ಗೊತ್ತಾದದ್ದು ಇಷ್ಟು. ಏಪ್ರಿಲ್ ನಡುವಿನ ಬಿಸು ಹಬ್ಬದ ರಜೆಗೆ ಇನ್ನೂ ಮೂರು ದಿನ ಸೇರಿಸಿ, ಆಳುಗಳನ್ನು ಕರೆಸಿ, ಮಂಗಳೂರಿನ ಕುಲಶೇಖರದ ಮನೆಯ ಹಿತ್ತಲನ್ನು ಒಂದೇ ಸಲಕ್ಕೆ ಬೋಳಿಸಿಬಿಡುವುದು ನಿನ್ನ ಪ್ಲಾನ್. ಆಮೇಲೆ ವಾಟ್ಸಾಪಿನಲ್ಲಿ ಒಂದು ಪಟ್ಟಿಯನ್ನೂ ಕಳಿಸಿದ್ದೀ, ಅಮೆರಿಕದವರು ವಸಂತದಲ್ಲಿ ಮನೆಯ ಸುತ್ತ ಹೇಗೆ ಕ್ಲೀನ್ ಮಾಡುತ್ತಾರೆ ಅಂತ. 15 ಸೆಂಟ್ಸ್ ಜಾಗವನ್ನು ನೀನೇ ನೋಡಿಕೊಳ್ಳಲು ಹೊರಟದ್ದು ನನಗೆ ಖುಷಿ. ಆದರೆ ಪ್ಲಾನ್ ಸ್ವಲ್ಪ ಬದಲಾಗಬೇಕು. ಫೋನಿನಲ್ಲಿ ಹೇಳಿದರೆ "ಆಯ್ತು ದೊಡ್ಡಮ್ಮ" ಅಂತ ಇಟ್ಟುಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಆ ಪಟ್ಟಿ ತಪ್ಪಲ್ಲ, ಅವರ ಊರಿಗೆ ಸರಿಯೇ. ಅಲ್ಲಿ ಚಳಿಗಾಲವಿಡೀ ಹಿತ್ತಲು ಹಿಮದಡಿ ಮಲಗಿರುತ್ತದೆ. ಹಿಮ ಕರಗಿದ ಕೂಡಲೇ ಕೈ ಹಾಕಬೇಡಿ, ಹಗಲಿನ ಬಿಸಿ 10 ಡಿಗ್ರಿ ದಾಟಿ ಕೆಲವು ದಿನ ನಿಲ್ಲಲಿ ಅಂತಾರೆ. ಒಣಗಿದ ಗಿಡಗಳ ಟೊಳ್ಳು ದಂಟಿನಲ್ಲಿ, ಉದುರಿದ ಎಲೆಯಡಿಯಲ್ಲಿ ಕಾಡುಜೇನ ಜಾತಿಯ ಹುಳಗಳು, ಚಿಟ್ಟೆಯ ಕೋಶಗಳು ಇನ್ನೂ ಎದ್ದಿರುವುದಿಲ್ಲವಂತೆ. ನೀರು ಕುಡಿದ ಮಣ್ಣನ್ನು ತುಳಿದರೆ ಅದು ಗಟ್ಟಿಯಾಗುತ್ತದೆ ಅಂತಲೂ ಉಂಟು. ಎಲ್ಲ ನ್ಯಾಯವಾದ ಮಾತೇ. ಆದರೆ ಮಂಗಳೂರಿನಲ್ಲಿ 10 ಡಿಗ್ರಿ ಸಿಗುವುದು ಫ್ರಿಜ್ಜಿನೊಳಗೆ ಮಾತ್ರ. ಅವರು ಚಳಿ ಹೋಯಿತಾ ಅಂತ ನೋಡಿ ಶುರು ಮಾಡುತ್ತಾರೆ. ನಾವು ಮಳೆ ಯಾವಾಗ ಬರುತ್ತದೆ ಅಂತ ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಶುರು ಮಾಡಬೇಕು. ನಿನ್ನ ರಜೆಯಿಂದ ಮುಂದಕ್ಕೆ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಮುಂಗಾರು ಕೇರಳಕ್ಕೆ ಜೂನ್ 1, ನಮಗೆ ಅದರ ಮೇಲೆ ಕೆಲವು ದಿನ. ಇದು ಹವಾಮಾನ ಇಲಾಖೆಯ ಮಾಮೂಲಿ ಲೆಕ್ಕ. ನಮ್ಮ ಹಿರಿಯರಿಗೆ ಪತ್ತನಾಜೆಯೇ ಗಡಿ. ತುಳುವರ ಬೇಶ ತಿಂಗಳ 10, ಅಂದರೆ ಮೇ 24-25ರ ಹೊತ್ತಿಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ಕೋಲ ನೇಮ ನಿಲ್ಲುತ್ತದೆ, ಹೊರಗಿನ ಕೆಲಸವೂ ಅಲ್ಲಿಗೆ ಮುಗಿದಿರಬೇಕು. ಆದರೆ 2025ರಲ್ಲಿ ಏನಾಯಿತು, ನೆನಪುಂಟಲ್ಲ? ಮೇ 24ಕ್ಕೇ ಮುಂಗಾರು ಕೇರಳಕ್ಕೆ ಬಂದು ನಮ್ಮ ಕರಾವಳಿಗೂ ಬಂದೇಬಿಟ್ಟಿತು. 2021ರಲ್ಲಿ ಮೇ ನಡುವಿಗೇ ತೌಕ್ತೆ ಚಂಡಮಾರುತ. ಹಾಗಾಗಿ ನಿನಗೆ ನಾನು ಕೊಡುವ ಗಡುವು ಮೇ 15. ಆಮೇಲೆ ಸಿಗುವ ಬಿಸಿಲನ್ನು ಸೌದೆ ಒಣಗಿಸಲಿಕ್ಕೆ, ಹಪ್ಪಳಕ್ಕೆ ಇಟ್ಟುಕೊ.

ಈಗ ಮಾರ್ಚಿನಲ್ಲಿ ಮಾಡಬೇಕಾದದ್ದು ತರಗೆಲೆಯ ಕೆಲಸ ಒಂದೇ. ಅದಕ್ಕೆ ರಜೆ ಬೇಡ, ಆಳು ಬೇಡ, ಬೆಳಿಗ್ಗೆ ಅರ್ಧ ಗಂಟೆ ಹಿಡಿಸೂಡಿ ಹಿಡಿದರೆ ಸಾಕು. ಎಲೆಯನ್ನು ಗೋಣಿಯಲ್ಲಿ ತುಂಬಿ ಗೇಟಿನ ಹೊರಗೆ ಇಡಬೇಡ. ನಿಮ್ಮ ಊರಿನ ಕಸವೆಲ್ಲ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತುಂಟಲ್ಲ. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಆ ಕಸದ ಗುಡ್ಡ ಜರಿದು ಮಂದಾರದವರ ಅಡಿಕೆ, ತೆಂಗಿನ ತೋಟದ ಮೇಲೆ ಬಂತು. ಅದರ ಮೇಲೆ ನಿನ್ನ ಹಲಸಿನ ಎಲೆಯನ್ನೂ ಯಾಕೆ ಹೇರುವುದು? ತೆಂಗಿನ ಬುಡದ ಸುತ್ತ ಆರು ಅಡಿಯವರೆಗೆ ದಪ್ಪಕ್ಕೆ ಹರಡು. ಕಾಂಡಕ್ಕೆ ತಾಗುವ ಹಾಗೆ ಒಟ್ಟಬೇಡ, ಸ್ವಲ್ಪ ಜಾಗ ಬಿಡು. ಏಪ್ರಿಲ್, ಮೇ ಬಿಸಿಲಿಗೆ ಬುಡ ಆರದೆ ಇರುತ್ತದೆ, ಮಳೆಗೆ ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ. ಹೊಂಡ ಮಾಡಿ ಹಾಕುವುದಾದರೆ ಮಳೆಗೆ ಮೊದಲು ಒಮ್ಮೆ ಮಗುಚು. ಹಳೆಯ ಗೊಬ್ಬರದಲ್ಲಿ ಬೆರಳು ಗಾತ್ರದ ಬಿಳಿ ಹುಳ ಸುರುಳಿ ಸುತ್ತಿಕೊಂಡು ಬಿದ್ದಿದ್ದರೆ ಅದು ಕುರುವಾಯಿ ದುಂಬಿಯ ಮರಿ ಇರಬಹುದು. ದೊಡ್ಡದಾಗಿ ತೆಂಗಿನ ಸುಳಿ ಕೊರೆಯುವುದು ಅದೇ. ಹೆಕ್ಕಿ ಹಾಕು, ಕಾಗೆಗಳು ನೋಡಿಕೊಳ್ಳುತ್ತವೆ.

ಬೆಂಕಿ ಮಾತ್ರ ಬೇಡ. ನನ್ನ ಅತ್ತೆ ಸುಡುಮಣ್ಣು ಮಾಡುತ್ತಿದ್ದರು, ಬೆಂಡೆ ಅಲಸಂಡೆಗೆ ಅದರಂಥದ್ದು ಇನ್ನೊಂದಿಲ್ಲ ಅಂತಿದ್ದರು. ಅದು ನಾಲ್ಕು ಕಡೆ ಗದ್ದೆ ಇದ್ದ ಮನೆ. ನಿನ್ನ ಕಂಪೌಂಡಿನ ಆಚೆ ಅಪಾರ್ಟ್‌ಮೆಂಟ್ ಉಂಟು, ಅದರಲ್ಲಿ ದಮ್ಮಿನವರೂ ಎಳೆ ಮಕ್ಕಳೂ ಇರುತ್ತಾರೆ. ಪಕ್ಕದ ಖಾಲಿ ಸೈಟಿನ ಮುಳಿಹುಲ್ಲಿಗೆ ಒಂದು ಕಿಡಿ ಹಾರಿದರೆ ಆಮೇಲೆ ಯಾರ ಮಾತೂ ಕೇಳುವುದಿಲ್ಲ.

ಬಿಸುವಿನ ರಜೆಯನ್ನು ಮರದ ಕೆಲಸಕ್ಕೆ ಇಟ್ಟುಕೊ. ಮೇಲಿನದ್ದು ಮೊದಲು, ಕೆಳಗಿನದ್ದು ಆಮೇಲೆ. ಅಂಗಳ ಗುಡಿಸಿ ಮುಗಿದ ಮೇಲೆ ಮರ ಹತ್ತಿಸಿದರೆ ಗುಡಿಸಿದ್ದೆಲ್ಲ ದಂಡ, ಅಲ್ವಾ? ಮರ ಹತ್ತುವವರಿಗೆ ಈಗಲೇ ಹೇಳಿಡು. ಮೇ ತಿಂಗಳಲ್ಲಿ ಎಲ್ಲರಿಗೂ ಒಟ್ಟಿಗೇ ಎಚ್ಚರವಾಗುತ್ತದೆ, ಆಗ ಅವರು ಫೋನೇ ತೆಗೆಯುವುದಿಲ್ಲ. ತೆಂಗಿನಿಂದ ಒಣ ಮಡಲು, ಒಣ ಹೊಂಬಾಳೆ, ಬಲಿತ ಕಾಯಿ ಇಷ್ಟನ್ನು ಇಳಿಸಲಿ. ಹಸಿ ಮಡಲು ಕಡಿಯಲು ಬಿಡಬೇಡ. ಕಾಯಿಗೊನೆ ಒರಗಿ ನಿಲ್ಲುವುದು ಅದರ ಮೇಲೆ, ಕಡಿದರೆ ಗೊನೆ ಜೋತು ಮುರಿಯುತ್ತದೆ, ಮರವೂ ಸೊರಗುತ್ತದೆ. ನೋಡಲಿಕ್ಕೆ ಚೆಂದ ಕಾಣುತ್ತದೆ ಅಂತ ತುದಿಯವರೆಗೆ ಬೋಳಿಸುವವರು ಇದ್ದಾರೆ, ನೀನು ಕೆಳಗೆ ನಿಂತು ಹೇಳಬೇಕು.

ಹಲಸು, ಮಾವಿನಲ್ಲಿ ಹಂಚಿನ ಮೇಲೆ ಬಾಗಿದ ಕೊಂಬೆ ಮಾತ್ರ ತೆಗೆಸು. ಉಳಿದದ್ದು ಫಲ ಮುಗಿಯುವವರೆಗೆ ಇರಲಿ. ಕರೆಂಟ್ ವಯರಿಗೆ ತಾಗುವ ಕೊಂಬೆ ಇದ್ದರೆ ಮೆಸ್ಕಾಂಗೆ ಹೇಳಿ ಲೈನ್ ಆಫ್ ಮಾಡಿಸಿಯೇ ಕಡಿಸುವುದು. ಇದರಲ್ಲಿ ಧೈರ್ಯ ಬೇಡ. ದೊಡ್ಡ ಮರವನ್ನು ಬುಡದಿಂದಲೇ ತೆಗೆಯುವ ಯೋಚನೆ ಇದ್ದರೆ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳು. ಸ್ವಂತ ಜಾಗದ ಮರಕ್ಕೂ 1976ರ ಮರ ಸಂರಕ್ಷಣೆಯ ಕಾಯ್ದೆ ಅನ್ವಯಿಸುತ್ತದೆ. ಇನ್ನೊಂದು, ಏಪ್ರಿಲ್ ಮೇ ಹಕ್ಕಿಗಳು ಗೂಡು ಕಟ್ಟುವ ಕಾಲ. ದಾಸವಾಳದ ಪೊದೆಯಲ್ಲಿ ಪಿಕಳಾರ, ಜಗಲಿಯ ಬಳ್ಳಿಯಲ್ಲಿ ಸೂರಕ್ಕಿ ಇರಬಹುದು. ಕತ್ತರಿ ಹಾಕುವ ಮೊದಲು ಎಲೆ ಸರಿಸಿ ನೋಡು. ಮರಿ ಇದ್ದರೆ ಆ ಗಿಡ ಬಿಟ್ಟುಬಿಡು, ಜೂನ್ ಮಳೆಗೆ ದಾಸವಾಳ ಸವರಿ ಅದೇ ಕಡ್ಡಿ ನೆಡಬಹುದು. ಮಲ್ಲಿಗೆಗೂ ಈಗ ಕತ್ತರಿ ಬೇಡ. ಹೂ ಬಿಡುವ ಸಮಯದಲ್ಲಿ ಅದರ ತಲೆ ಕತ್ತರಿಸಿದೆ ಅಂತಾದರೆ ನಿನ್ನ ಹೆಂಡತಿ ನಿನ್ನನ್ನು ಒಳಗೆ ಸೇರಿಸುವುದಿಲ್ಲ.

ಮರದ ಕೆಲಸ ಆದ ಮೇಲೆ ಮನೆಯ ಮಾಡಿನ, ಅಂದರೆ ಸೂರಿನ ಕೆಲಸ. ಒಡೆದ ಹಂಚು ಬದಲಿಸಿ, ಮಾಡಿನ ನೀರು ಹರಿಯುವ ದಂಬೆಯಲ್ಲಿ ಕೂತ ಎಲೆ ತೆಗೆಸು. ಒಂದು ಲೆಕ್ಕ ಹೇಳುತ್ತೇನೆ ಕೇಳು. ಸಾವಿರ ಚದರಡಿಯ ಮಾಡಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 9,000 ಲೀಟರ್ ನೀರು. ಜೂನ್, ಜುಲೈಯಲ್ಲಿ ನಮ್ಮಲ್ಲಿ ಅಂಥ ದಿನ ಬರುವುದು ದೊಡ್ಡ ಸಂಗತಿಯಲ್ಲ. ಆ ನೀರಿಗೆ ದಂಬೆಯಲ್ಲಿ ದಾರಿ ಸಿಗದಿದ್ದರೆ ಅದು ಗೋಡೆಯಲ್ಲಿ ದಾರಿ ಹುಡುಕುತ್ತದೆ. ಕೆಂಪುಕಲ್ಲಿನ ಗೋಡೆ ಒಮ್ಮೆ ಕುಡಿದರೆ ದೀಪಾವಳಿಯವರೆಗೂ ಆರುವುದಿಲ್ಲ.

ಇನ್ನು ನೆಲ. ಇಲ್ಲಿ ನಿನ್ನನ್ನು ಸ್ವಲ್ಪ ಹೆದರಿಸಬೇಕು. ಕಲ್ಲಿನ ರಾಶಿ, ತೆಂಗಿನ ಸಿಪ್ಪೆಯ ರಾಶಿ, ಹಳೆ ಹಂಚಿನ ಅಟ್ಟಿ, ಇದಕ್ಕೆಲ್ಲ ಸೀದಾ ಕೈ ಹಾಕಬೇಡ. ಉದ್ದ ಕೋಲಿನಿಂದ ಮೊದಲು ಕೆದಕು. ಗಂಬೂಟು ಇಲ್ಲದೆ ಇಳಿಯಬೇಡ. ಕನ್ನಡಿ ಹಾವು, ಅಂದರೆ ಕೊಳಕುಮಂಡಲ, ಒಣ ಎಲೆಯ ಮೇಲೆ ಮಲಗಿದ್ದರೆ ಎಲೆಯೂ ಹಾವೂ ಒಂದೇ ಬಣ್ಣ. ಮಳೆ ಶುರುವಾಗುವ ಹೊತ್ತಿಗೆ ಅದು ಮರಿ ಹಾಕುತ್ತದೆ, ಆಗ ಈ ರಾಶಿಗಳನ್ನು ಮುಟ್ಟುವ ಹಾಗೇ ಇಲ್ಲ. ಹಾಗಾಗಿ ಗೋಡೆಗೆ ಒರಗಿಸಿ ಇಟ್ಟದ್ದನ್ನೆಲ್ಲ ಏಪ್ರಿಲ್ ಕೊನೆಯ ಒಳಗೆ ದೂರ ಸಾಗಿಸು, ಒರಲೆಯ ಕಾಟವೂ ಕಡಿಮೆಯಾಗುತ್ತದೆ. ದೇವರು ದೊಡ್ಡವನು, ಏನೂ ಆಗುವುದಿಲ್ಲ. ಆದರೂ ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಮದ್ದಿನ ಎಲೆ ಅರೆಯುವುದು ಯಾವುದೂ ಬೇಡ, ಸೀದಾ ದೊಡ್ಡ ಆಸ್ಪತ್ರೆಗೆ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಕೆಲಸ ಸಾಕು. ಆಮೇಲಿನ ಸೆಕೆಯಲ್ಲಿ ಆಳುಗಳನ್ನು ದುಡಿಸುವುದು ಪಾಪ. ಮಜ್ಜಿಗೆ, ಬೆಲ್ಲ ನೀರು ಕೊಡಲು ಮರೆಯಬೇಡ.

ವಾಯವ್ಯದ ಮೂಲೆಯ ನಾಗನ ಕಟ್ಟೆಯ ಸುತ್ತ ಬೆಳೆದದ್ದನ್ನು ಯಾರೂ ಸವರಬಾರದು. ಆಳುಗಳಿಗೆ ಮೊದಲೇ ಹೇಳು. ಅದಕ್ಕೆ ಏನಾದರೂ ಮಾಡುವುದಿದ್ದರೆ ಭಟ್ಟರನ್ನು ಕೇಳಿ ಮಾಡುವ. ನಿನಗೆ ನಂಬಿಕೆ ಉಂಟೋ ಇಲ್ಲವೋ ನಾನು ಕೇಳುವುದಿಲ್ಲ. ಇಡೀ ಜಾಗದಲ್ಲಿ ಅಷ್ಟು ತಂಪು ಇರುವುದು ಆ ಮೂಲೆಯಲ್ಲಿ ಮಾತ್ರ ಅನ್ನುವುದನ್ನಾದರೂ ನೋಡು.

ಮನೆಯ ಹಿಂದಿನ ಬರೆಯ, ಅಂದರೆ ಕಡಿದಾದ ಮಣ್ಣಿನ ಏರಿನ ವಿಷಯದಲ್ಲಿ ನಾನು ಕೈ ಮುಗಿದು ಹೇಳುತ್ತೇನೆ, ಅಲ್ಲಿ ಪಿಕ್ಕಾಸು ಹಾಕಿಸಬೇಡ. ಹುಲ್ಲು ಕಿತ್ತು, ಬೇರು ತೆಗೆದು, ಕೆಂಪು ಮಣ್ಣು ಕಾಣುವ ಹಾಗೆ ಕೆರೆದರೆ ಮೇ ತಿಂಗಳಲ್ಲಿ ಫೋಟೋ ಚೆನ್ನಾಗಿ ಬರುತ್ತದೆ. ಜುಲೈಯಲ್ಲಿ ಮಣ್ಣು ನಿನ್ನ ಅಡುಗೆಮನೆಯ ಕಿಟಕಿಗೆ ಬರುತ್ತದೆ. 2019ರಲ್ಲಿ ಪಡೀಲ್‌ಗೂ ಕುಲಶೇಖರಕ್ಕೂ ನಡುವೆ ಗುಡ್ಡ ಜರಿದು ರೈಲೇ ನಿಂತದ್ದು ನಿನ್ನ ಮನೆಯ ಹತ್ತಿರವೇ. ಅಲ್ಲಿನ ಮಣ್ಣೇ ಹಾಗೆ. ಬರೆಯ ಹುಲ್ಲನ್ನು ಕತ್ತಿಯಲ್ಲಿ ಸವರಿಸು, ಬೇರು ಮಣ್ಣಲ್ಲೇ ಇರಲಿ. ಮಳೆ ಹಿಡಿದ ಮೇಲೆ ಲಾವಂಚ ನೆಡು. ಅದರ ಬೇರು ಎರಡು ಮೂರು ಮೀಟರ್ ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ನಿನ್ನ ಅಮೆರಿಕದ ಪಟ್ಟಿಯಲ್ಲಿ ನನಗೆ ಮೆಚ್ಚಿಗೆಯಾದ ಮಾತೂ ಇದೇ, ಎಲ್ಲವನ್ನೂ ಕೆರೆದು ತೆಗೆಯಬೇಡಿ ಅನ್ನುವುದು.

ಕಮ್ಯುನಿಸ್ಟ್ ಗಿಡ, ನಾಚಿಕೆ ಮುಳ್ಳು ಈ ಕಳೆಗಳನ್ನು ಸಮತಟ್ಟು ಜಾಗದಲ್ಲಿ ಮಾತ್ರ ಕೀಳಿಸು. ನಿಜ ಹೇಳಬೇಕೆಂದರೆ ಕಮ್ಯುನಿಸ್ಟ್ ಗಿಡಕ್ಕೆ ಈಗ ತಡವಾಯಿತು, ಅದರ ಬೀಜ ಗಾಳಿಗೆ ಹಾರಿ ಆಗಿದೆ. ಬರುವ ಡಿಸೆಂಬರಿನಲ್ಲಿ, ಹೂವಿನಲ್ಲೇ ಕಿತ್ತರೆ ಲಾಭ.

ಎಲ್ಲಕ್ಕಿಂತ ಕೊನೆಗೆ ಕಣಿ, ಅಂದರೆ ಮಳೆನೀರು ಹೋಗುವ ಚರಂಡಿ. ಮೊದಲೇ ಬಿಡಿಸಿದರೆ ಮರದ ಕೆಲಸದ ಎಲೆ, ಕಡ್ಡಿ ಎಲ್ಲ ಪುನಃ ಅದರಲ್ಲೇ. ಮೇ ಎರಡನೇ ವಾರ ಕೆಸರು ತೆಗೆಸಿ, ಒಂದು ಕೊಡ ನೀರು ಹೊಯ್ದು ಅದು ತೋಡಿನ ಕಡೆಗೆ ಹರಿಯುತ್ತದಾ ಅಂತ ಕಣ್ಣಾರೆ ನೋಡು. ಪಕ್ಕದ ಮನೆಯವರ ಕಡೆಗೆ ತಿರುಗಿಸಿ ಕೈ ತೊಳೆದುಕೊಳ್ಳಬೇಡ. ನಮ್ಮ ಜಿಲ್ಲೆಗಳಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದು ಆಸ್ತಿಗಿಂತ ಕಣಿಯ ನೀರಿಗೇ ಜಾಸ್ತಿ.

ಅದೇ ವಾರ ಮಳೆನೀರು ನಿಲ್ಲುವ ವಸ್ತುಗಳನ್ನೆಲ್ಲ ಒಟ್ಟು ಮಾಡು. ತೆಂಗಿನ ಗೆರಟೆ, ಅಡಿಕೆ ಹಾಳೆ, ಹಳೆ ಟಯರು, ಹೂಕುಂಡದ ತಟ್ಟೆ, ಮಗುಚಿ ಇಡದ ಬಕೆಟ್. ಡೆಂಗ್ಯೂ, ಮಲೇರಿಯಾ ಮಂಗಳೂರಿಗೆ ಹೊಸತಲ್ಲ. ಡೆಂಗ್ಯೂ ಸೊಳ್ಳೆಯ ಮೊಟ್ಟೆ ಪಾತ್ರೆಯ ಅಂಚಿಗೆ ಅಂಟಿ, ನೀರಿಲ್ಲದೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ನೀರು ತಾಗಿದ ಮೇಲೆ ಒಂದು ವಾರ, ಹತ್ತು ದಿನಕ್ಕೆ ಸೊಳ್ಳೆ. ಸುಮ್ನೆ ನೀರು ಚೆಲ್ಲಿದರೆ ಆಗುವುದಿಲ್ಲ, ಇಟ್ಟುಕೊಳ್ಳುವ ಪಾತ್ರೆಯ ಒಳಬದಿಯನ್ನು ತಿಕ್ಕಿ ತೊಳೆಯಬೇಕು. ಬೇಡದ್ದನ್ನು ಗುಜರಿಯವನಿಗೆ ಕೊಡು.

ನಾಲ್ಕು ಅಡಿಕೆ ಮರ ಇದ್ದಾವಲ್ಲ, ಅದಕ್ಕೆ ಕೊಳೆರೋಗದ ಮದ್ದು ಬಿಡುವವರು ಪಕ್ಕದ ತೋಟಕ್ಕೆ ಬಂದಾಗ ನಿನ್ನದನ್ನೂ ಸೇರಿಸಲು ಹೇಳು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್, ಇದು ಹಳೇ ಲೆಕ್ಕ. ನಾಲ್ಕು ಮರಕ್ಕೆ ನೀನೇ ಕಲಸಿ ಕೂರುವುದು ದಂಡ. ಬಾವಿಯ ಕೆಸರು ತೆಗೆಯಬೇಕು ಅಂತ ಕಂಡರೆ ನೀರು ತಳ ಸೇರಿದ ಮೇ ಮೊದಲ ವಾರ ಸರಿ. ಆದರೆ ನೀನು ಇಳಿಯಬೇಡ. ಅದಕ್ಕೆ ಅದೇ ಕಸುಬಿನವರು ಬೇಕು.

ನಿನ್ನ ಹೆಂಡತಿಗೆ ಹಲಸಿನ ಹಪ್ಪಳ ಮಾಡುವ ಆಸೆ ಉಂಟಂತೆ. ಹಪ್ಪಳ ಒಣಗುವ ದಿನ ಅಂಗಳದ ಹತ್ತಿರ ಯಾರೂ ಗುಡಿಸುವುದು, ಕೆರೆಯುವುದು ಬೇಡ. ನಿಮ್ಮಿಬ್ಬರ ಕೆಲಸದ ದಿನಗಳನ್ನು ಮೊದಲೇ ಕೂತು ಮಾತಾಡಿಕೊಳ್ಳಿ. ಅವಳಿಗೆ ಹಲಸು ಬಲಿಯುವುದು ಕಾಯಬೇಕು, ನಿನಗೆ ಆಳು ಸಿಗುವುದು ಕಾಯಬೇಕು. ತಾರೀಕು ಅವಳದ್ದೇ ಮೊದಲು ಗುರುತು ಹಾಕು.

ಮರ ಹತ್ತುವವರ ನಂಬರು ನಿನ್ನ ಅಮ್ಮನ ಹತ್ತಿರ ಉಂಟು, ಇವತ್ತೇ ಫೋನ್ ಮಾಡು. ಇಲ್ಲಿ ಬಸಳೆ ಚಪ್ಪರ ಮೀರಿ ಹೋಗಿದೆ. ಮುಂದಿನ ಭಾನುವಾರ ಬರುವುದಾದರೆ ಬಳ್ಳಿ ಕತ್ತರಿಸಿ ಇಟ್ಟಿರುತ್ತೇನೆ. ಬರುವಾಗ ಎರಡು ಖಾಲಿ ಗೋಣಿ ತಾ, ಹೋಗುವಾಗ ಹಟ್ಟಿಗೊಬ್ಬರವೂ ಕೊಡುತ್ತೇನೆ. ಕಾರಿನ ಸೀಟಿಗೆ ಹಾಸಲು ಪ್ಲಾಸ್ಟಿಕ್ ಶೀಟ್ ನೀನೇ ನೋಡಿಕೊ.

ಇತಿ,
ದೊಡ್ಡಮ್ಮ