ಕುರಿಯ ತ್ಯಾಜ್ಯ ನಾಯಿಗಳ ಪಾಲಾಗದಿರಲಿ

ಮಾನ್ಯ ಸಂಪಾದಕರೇ,

ಬಾಗಲಕೋಟೆ ಜಿಲ್ಲೆಯಲ್ಲಿ ಕುರಿ ಕೊಯ್ದಾಗ ನೀರುಗುಳ್ಳೆ ಕಂಡ ಯಕೃತ್ತು, ಶ್ವಾಸಕೋಶಗಳನ್ನು ನಾಯಿಗಳಿಗೆ ಎಸೆಯುವ ರೂಢಿ ಅಪಾಯಕಾರಿ. ಆ ಗುಳ್ಳೆಗಳಲ್ಲಿನ ಎಕಿನೊಕಾಕಸ್ ಲಾಡಿಹುಳುವಿನ ಮರಿಗಳು ನಾಯಿಯ ಕರುಳಿನಲ್ಲಿ ಬೆಳೆಯುತ್ತವೆ. ಮಲದೊಂದಿಗೆ ಹೊರಬೀಳುವ ಮೊಟ್ಟೆಗಳು ಕೈ, ಸೊಪ್ಪು, ನೀರಿನ ಮೂಲಕ ನಮ್ಮ ಹೊಟ್ಟೆ ಸೇರಿ, ನಮ್ಮ ದೇಹದೊಳಗೂ ಅಂಥದ್ದೇ ಗುಳ್ಳೆಯಾಗಿ ಬೆಳೆಯುತ್ತವೆ. ಸಾಮಾನ್ಯವಾಗಿ ಯಕೃತ್ತು ಅಥವಾ ಶ್ವಾಸಕೋಶದಲ್ಲಿ ನೆಲೆಸುವ ಈ ಗುಳ್ಳೆ, ಸುಮಾರು ಶೇ 0.5ರಿಂದ 2ರಷ್ಟು ರೋಗಿಗಳಲ್ಲಿ ಹೃದಯದ ಸ್ನಾಯುವಿನೊಳಗೆ, ಅದರಲ್ಲೂ ಹೆಚ್ಚಾಗಿ ಎಡ ಹೃತ್ಕುಕ್ಷಿಯಲ್ಲಿ (ಹೃದಯದ ಎಡಭಾಗದ ಕೆಳಕೋಣೆ), ವರ್ಷಗಟ್ಟಲೆ ಯಾವ ಸೂಚನೆಯನ್ನೂ ಕೊಡದೆ ಬೆಳೆಯುತ್ತದೆ ಮತ್ತು ಒಡೆದರೆ ತೀವ್ರ ಅಲರ್ಜಿಯಿಂದ ಪ್ರಾಣವನ್ನೇ ತೆಗೆಯಬಹುದು. ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆಯಲ್ಲಿ ಪತ್ತೆಯಾದರೂ ಶಸ್ತ್ರಚಿಕಿತ್ಸೆ ಸುಲಭವಲ್ಲ. ಕುರಿಗಾರರನ್ನಷ್ಟೇ ದೂರುವುದು ನ್ಯಾಯವಲ್ಲ. ತ್ಯಾಜ್ಯ ಹೂಳಲು ಗ್ರಾಮ ಪಂಚಾಯಿತಿಗಳು ಆಳವಾದ ಗುಂಡಿ ತೋಡಿಸಲಿ. ಪಶುಪಾಲನಾ ಇಲಾಖೆಯು ಕುರಿಹಟ್ಟಿಯ ನಾಯಿಗಳಿಗೆ ಲಾಡಿಹುಳು ಕೊಲ್ಲುವ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ನಿಯಮಿತವಾಗಿ ಕೊಡಿಸಲಿ.

– ಓದುಗ, ಬಾಗಲಕೋಟೆ