ಮಣ್ಣಿನ ಕೋಟೆಗಳೂ ಸ್ಮಾರಕಗಳೇ

ಮಾನ್ಯರೇ,

ಏಳು ಸುತ್ತಿನ ಕೋಟೆಯ ಮಗ್ಗುಲಲ್ಲೇ ಬೆಳೆದ ನಮಗೆ ಕೋಟೆಯೆಂದರೆ ಕಲ್ಲಿನದೇ. ಈ ಭಾವನೆಯಿಂದಾಗಿ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಹಳ್ಳಿಗಳಲ್ಲಿ ಅಳಿದುಳಿದಿರುವ ಮಣ್ಣಿನ ಕೋಟೆಗೋಡೆ, ಹುಡೇವು (ಕಾವಲು ಬುರುಜು), ಕಂದಕಗಳು ಯಾರ ಲೆಕ್ಕಕ್ಕೂ ಸಿಗದೆ ನೆಲಸಮವಾಗುತ್ತಿವೆ.

ಮಣ್ಣಿನ ಕೋಟೆಯನ್ನೂ ಸ್ಮಾರಕವೆಂದು ಕಾಪಾಡುವ ನಾಡಿಗೆ ಇಂಗ್ಲೆಂಡ್ ಒಂದು ಉದಾಹರಣೆ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ, ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಆ ನಾಡನ್ನು ಬೇಗ ಹಿಡಿತಕ್ಕೆ ತಂದುಕೊಳ್ಳಲು ಹಲವೆಡೆ ಕಂದಕ ತೋಡಿ, ತೆಗೆದ ಮಣ್ಣನ್ನೇ ದಿಬ್ಬವಾಗಿ ಪೇರಿಸಿ, ಅದರ ನೆತ್ತಿಯ ಮೇಲೆ ಮರದ ಗೋಪುರ ನಿಲ್ಲಿಸಿದರು. ಆ ದಿಬ್ಬವೇ 'ಮಾಟ್'. ಅದರ ಬುಡದಲ್ಲಿ ಮಣ್ಣಿನ ಏರಿ ಮತ್ತು ಮರದ ಗೂಟಗಳ ಆವರಣದೊಳಗೆ ಆಳುಕಾಳು, ಕುದುರೆ, ಉಗ್ರಾಣಗಳಿಗಾಗಿ ಇದ್ದ ಅಂಗಳ 'ಬೆಯ್ಲಿ'. ಮರವೆಲ್ಲ ಎಂದೋ ಹೋಯಿತು. ಅನೇಕ ಕಡೆ ಈಗ ಕಾಣುವುದು ಹುಲ್ಲು ಬೆಳೆದ ಗುಡ್ಡೆ, ಅರ್ಧ ತುಂಬಿದ ಕಂದಕ, ಅಷ್ಟೇ. ಆದರೂ ಸಂರಕ್ಷಿತ ಪಟ್ಟಿಯಲ್ಲಿರುವ ಇಂಥ ದಿಬ್ಬವನ್ನು ಅನುಮತಿಯಿಲ್ಲದೆ ಅಗೆಯುವುದು ಅಲ್ಲಿನ 1979ರ ಕಾಯಿದೆಯಂತೆ ಅಪರಾಧ.

ಬರೀ ಮಣ್ಣಿಗೆ ಇಷ್ಟು ಕಾವಲೇಕೆ ಎಂದು ಕೇಳುವವರಿಗೆ ಇಂಗ್ಲೆಂಡಿನ ಸರ್ರೆ ಪ್ರಾಂತದ ಆಬಿಂಜರ್ ದಿಬ್ಬದಲ್ಲಿ ಉತ್ತರವಿದೆ. 1949ರಲ್ಲಿ ಅಲ್ಲಿ ಉತ್ಖನನ ನಡೆದಾಗ, ಕಂಬಗಳು ಕೊಳೆತು ಹೋಗಿದ್ದರೂ ಅವುಗಳನ್ನು ನೆಟ್ಟಿದ್ದ ಕುಳಿಗಳ ಗುರುತು ಮಣ್ಣಿನಲ್ಲಿ ಹಾಗೇ ಉಳಿದಿದ್ದರಿಂದ ಗೋಪುರದ ತಳವಿನ್ಯಾಸವನ್ನೇ ತಿಳಿಯಲು ಸಾಧ್ಯವಾಯಿತು. ಅಷ್ಟು ದೂರವಾದರೂ ಏಕೆ, ಚಿತ್ರದುರ್ಗದ ಪಕ್ಕದ ನಮ್ಮ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವರು ಅಗೆಸಿದಾಗ ಶಾತವಾಹನರ ಕಾಲದ ಬದುಕು ಹೊರಬಂದದ್ದೂ ಮಣ್ಣಿನ ಪದರಗಳಿಂದಲೇ. ಒಮ್ಮೆ ಜೆಸಿಬಿ ಹಾದುಹೋದ ಪದರವನ್ನು ಯಾವ ವಿದ್ವಾಂಸರೂ ಮತ್ತೆ ಓದಲಾರರು.

ನಮ್ಮ ಹಳ್ಳಿಗಳ ಕೋಟೆಗಳ ಕಾಲವೂ ಕಟ್ಟಿದ ಬಗೆಯೂ ಬೇರೆ, ನಿಜ. ಆದರೆ ಕಂದಕವನ್ನು ಕಸ ಸುರಿದು ಮುಚ್ಚಿ ನಿವೇಶನ ಮಾಡಿದರೆ, ಪಕ್ಕದ ಗೋಡೆ ಉಳಿದರೂ ಅದು ಏಕೆ ಅಲ್ಲಿತ್ತೆಂಬುದೇ ತಿಳಿಯದಂತಾಗುತ್ತದೆ. ಹಳೆಯ ಊರಿನ ಮಣ್ಣು ಹೊಲಕ್ಕೆ ಸತ್ವವೆಂದು ಹೇರಿಕೊಂಡು ಹೋಗುವ ರೈತರನ್ನು ದೂರುವುದು ನನ್ನ ಉದ್ದೇಶವಲ್ಲ. ಅದು ಸ್ಮಾರಕವೆಂದು ಅವರಿಗೆ ಹೇಳಿದವರಾದರೂ ಯಾರು?

ಆದ್ದರಿಂದ ಕಂದಾಯ ಮತ್ತು ಪುರಾತತ್ವ ಇಲಾಖೆಗಳು ಜಂಟಿಯಾಗಿ ಗ್ರಾಮಠಾಣಾಗಳಲ್ಲಿರುವ ಇಂಥ ಅವಶೇಷಗಳನ್ನು ಅಳೆದು ಗ್ರಾಮ ನಕಾಶೆಯಲ್ಲಿ ಗುರುತಿಸಬೇಕು. ಆ ಕೆಲಸ ಮುಗಿಯುವವರೆಗೆ, ಕೋಟೆ ಇದ್ದ ಜಾಗವೆಂದು ಊರವರು ಹೇಳುವ ಕಡೆ ಮಣ್ಣು ತೆಗೆಯಲು ಅಥವಾ ನಿವೇಶನ ಹಂಚಲು ಪಂಚಾಯಿತಿಗಳು ಅನುಮತಿ ನೀಡಬಾರದೆಂದು ಜಿಲ್ಲಾಡಳಿತ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

ಓರ್ವ ಇತಿಹಾಸಾಸಕ್ತ, ಚಿತ್ರದುರ್ಗ