ರೈಲೇ ಅಡ್ಡ ನಿಂತ್ರೆ ಯಾರನ್ನ ಕೇಳೋದು?

ಸಂಪಾದಕರೇ,

ಅಮೆರಿಕದಲ್ಲಿ ರೈಲ್ವೆ ಕ್ರಾಸಿಂಗ್ ದಾಟೋ ಡ್ರೈವರ್‌ಗಳಿಗೆ ರೂಲ್ಸ್ ಮಾಡೋದು ಆಯಾ ರಾಜ್ಯನೇ, ಬಹಳ ಕಡೆ ಕೆಂಪು ಲೈಟ್ ಮಿನುಗಿದ್ರೆ ಹಳಿಯಿಂದ 50 ಅಡಿ ಒಳಗೆ, ಆದ್ರೆ 15 ಅಡಿಗಿಂತ ಹತ್ರ ಹೋಗ್ದೆ ಗಾಡಿ ನಿಲ್ಲಿಸ್ಬೇಕು. ಸ್ಕೂಲ್ ಬಸ್ ಆದ್ರೆ ಲೈಟ್ ಬರ್ಲಿ ಬಿಡ್ಲಿ ನಿಲ್ಲುತ್ತೆ, ಡ್ರೈವರ್ ಮಕ್ಕಳಿಗೆ ಸುಮ್ನಿರಿ ಅಂದು ಬಾಗಿಲು ತೆಗ್ದು ರೈಲಿನ ಸದ್ದು ಇದ್ಯಾ ಅಂತ ಕಿವಿಗೊಟ್ಟು ಕೇಳ್ತಾರೆ (ಹಿಂದಿನ ಕಾರ್‌ನೋರಿಗೆ ಅಷ್ಟ್ರಲ್ಲೇ ಅವಸರ, ಅದು ಬೇರೆ ಮಾತು).

ಇದೆಲ್ಲ ಸರಿ ಸ್ವಾಮಿ, ಗೂಡ್ಸ್ ರೈಲೇ ರಸ್ತೆಗೆ ಅಡ್ಡ ನಿಂತ್ಬಿಟ್ರೆ? ಒಹಾಯೋ ರಾಜ್ಯದಲ್ಲಿ 5 ನಿಮಿಷಕ್ಕಿಂತ ಜಾಸ್ತಿ ಅಡ್ಡ ನಿಲ್ಲಿಸ್ಬಾರ್ದು ಅಂತ ಕಾನೂನಿತ್ತು, ಆದ್ರೆ 2022ರಲ್ಲಿ ಆ ರಾಜ್ಯದ್ದೇ ಸುಪ್ರೀಂ ಕೋರ್ಟ್, ರೈಲು ಓಡಿಸೋ ವಿಷಯ ಫೆಡರಲ್ (ಅಂದ್ರೆ ಕೇಂದ್ರದ) ಕಾನೂನಿಗೆ ಸೇರಿದ್ದು, ರಾಜ್ಯದ ಕಾನೂನು ನಡೆಯಲ್ಲ ಅಂತು, 2024ರಲ್ಲಿ ದೇಶದ ಸುಪ್ರೀಂ ಕೋರ್ಟ್ ಆ ಕೇಸ್ ಕೈಗೇ ತಗೊಳ್ಳಲಿಲ್ಲ. ಸರಿ, ಫೆಡರಲ್ ಕಾನೂನು ಎಷ್ಟು ನಿಮಿಷ ಅನ್ನುತ್ತೆ ಅಂತ ನೋಡೋಕೆ ಹೋದ್ರೆ ಅಲ್ಲಿ ಲಿಮಿಟ್ಟೇ ಇಲ್ಲ! ರಾಜ್ಯಕ್ಕೆ ಅಧಿಕಾರ ಇಲ್ಲ, ಕೇಂದ್ರಕ್ಕೆ ಆಸಕ್ತಿ ಇಲ್ಲ, ಆಂಬುಲೆನ್ಸ್ ಮಾತ್ರ ಸೈರನ್ ಹಾಕ್ಕೊಂಡು ಗೇಟಿನ ಈಚೆ ನಿಂತಿರುತ್ತೆ. ಮೊದ್ಲು ಕಾಂಗ್ರೆಸ್ಸು, ಅಂದ್ರೆ ಅಮೆರಿಕದ ಸಂಸತ್ತು, ಕೂತು ಒಂದು ಟೈಮ್ ಲಿಮಿಟ್ ಪಾಸ್ ಮಾಡ್ಲಿ.

ಇತಿ,
ಒಬ್ಬ ಓದುಗ